ಸಮುದ್ರ ಮುಟ್ಟದ ಚಪ್ಪಲಿಗಳು

ವಿಜಯಪುರ ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ದ್ರಾಕ್ಷಿ ಪಡ, ಕಬ್ಬು, ಎರಿ ಹೊಲ. ಬಬಲೇಶ್ವರದಿಂದ ದಕ್ಷಿಣಕ್ಕೆ ಇಳಿದು ಜೈನಾಪುರ ಮುಟ್ಟಿದೆ, ಮುಂದೆ ಕೃಷ್ಣೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನ ಸೀಮೆಯಿದು. ಜಲಾಶಯ ತುಂಬಿದರೆ 123 ಟಿಎಂಸಿ. ನಾನು ಹೋದದ್ದು ಬೇಸಿಗೆಯಲ್ಲಿ. ನೀರು ಹಿಂದೆ ಸರಿದು ದಂಡೆ ಬಿರುಕು ಬಿಟ್ಟಿತ್ತು. ಒಂದು ಹಕ್ಕಿಯನ್ನು ಕಟ್ಟಲು ನನಗೆ ಬೇಕಾದದ್ದು ನೀರು ಬಿಟ್ಟುಹೋದ ಕಸ.

ಅಮೆರಿಕದ ಓರೆಗಾನ್ ತೀರದಲ್ಲಿ ಆಂಜೆಲಾ ಹೇಸಲ್ಟೀನ್ ಪೋಜಿ ಎಂಬ ಕಲಾವಿದೆ 2010ರಿಂದ ಕಡಲ ಕಸದಲ್ಲಿ ಭಾರೀ ಮೀನು, ಹಕ್ಕಿಗಳನ್ನು ಕಟ್ಟಿಸುತ್ತ ಬಂದಿದ್ದಾರೆ. ಅಲ್ಲಿ ಕಸವನ್ನು ತೊಳೆದು ಬಣ್ಣವಾರು ಬೇರ್ಪಡಿಸುತ್ತಾರೆ. ಇಲ್ಲಿಯ ಕಸಕ್ಕೆ ಇರುವುದು ಎರಿಮಣ್ಣಿನ ಒಂದೇ ಬಣ್ಣ. ತೊಳೆಯಲು ನನಗೆ ಮನಸ್ಸಾಗಲಿಲ್ಲ; ತೊಳೆದರೆ ಅದು ಯಾವ ಊರಿನದೂ ಆದೀತು.

ಒಂಟಿ ಚಪ್ಪಲಿ, ಗುಟ್ಕಾ ಚೀಟು, ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ, ದೇವರ ಫೋಟೋದ ಕಟ್ಟು, ಥರ್ಮಾಕೋಲ್. ಎಲ್ಲಕ್ಕಿಂತ ಹೆಚ್ಚು ಬಲೆ. ಹಿಂದಿನ ನೂಲಿನ ಬಲೆ ಕೊಳೆತು ಮಣ್ಣಾಗುತ್ತಿತ್ತು. ನೈಲಾನ್ ಹಾಗಲ್ಲ, ಒಡೆಯನ ಕೈ ತಪ್ಪಿದ ಮೇಲೂ ಮೀನು ಹಿಡಿಯುತ್ತಲೇ ಇರುತ್ತದೆ. ಒಂದರಲ್ಲಿ ಜಿಲೇಬಿ ಮೀನು ಸಿಕ್ಕಿಕೊಂಡೇ ಒಣಗಿತ್ತು.

ಇವೆಲ್ಲ ಬಂಗಾಳ ಕೊಲ್ಲಿಯ ದಾರಿ ಹಿಡಿದವು. ಆದರೆ ಹಂಸಲದೀವಿಯಲ್ಲಿ ಕೃಷ್ಣೆ ಕಡಲು ಸೇರುವುದರೊಳಗೆ ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜು. ಒಂದು ಹವಾಯಿ ಚಪ್ಪಲಿಗೆ ಇಷ್ಟೊಂದು ಚೆಕ್‌ಪೋಸ್ಟು! ಹೊಳೆ ಬಂದು ಗೇಟು ತೆಗೆದಾಗ ಕೆಲವು ಪಾರಾಗುತ್ತವೆ, ಉಳಿದವು ಹಿನ್ನೀರಿನಲ್ಲೇ ಠಿಕಾಣಿ ಹೂಡುತ್ತವೆ. ಕಡಲ ಕಸ ಎಂದೊಡನೆ ಮಲ್ಪೆ, ಕಾರವಾರದ ಕಡೆ ಬೆರಳು ತೋರಿಸುವ ನಾವು ಬಯಲುಸೀಮೆಯವರು ಈ ದಂಡೆಗೊಮ್ಮೆ ಬರಬೇಕು.

ಬಳ್ಳಾರಿ ಜಾಲಿಯ ಕಟ್ಟಿಗೆ ನೆಟ್ಟು, ಬಲೆ ಸುತ್ತಿ, ದಬ್ಬಣದಿಂದ ಚಪ್ಪಲಿಗಳನ್ನು ರೆಕ್ಕೆಯಾಗಿ ಹೊಲಿಯುತ್ತ ಕೂತೆ. ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸ ನನ್ನ ಮನಸ್ಸಿನಲ್ಲಿತ್ತು. ಮೀನುಗಾರರೊಬ್ಬರು ಹರಿಗೋಲು ದಡಕ್ಕೆ ಹಚ್ಚಿ ಸುಮ್ಮನೆ ನೋಡಿದರು.

"ಕಾಲು ಭಾಳ ದಪ್ಪ ಆಗ್ಯಾವ್ರಿ ಸರ. ಆ ಹಕ್ಕಿ ಕಾಲು ಕಡ್ಡಿ ಇದ್ದಂಗ ಇರ್ತಾವು."

ಕಾಲಿಗೆ ಸುತ್ತಿದ್ದ ಬಲೆ ಬಿಚ್ಚಿದೆ. ಅವರು ಅದನ್ನೆತ್ತಿ, ಒಂದೊಂದೇ ಕಣ್ಣು ಜಗ್ಗಿ ನೋಡಿ, ಹೆಗಲಿಗೆ ಹಾಕಿಕೊಂಡರು. "ಇನ್ನಾ ಗಟ್ಟಿ ಐತ್ರಿ ಇದು. ಹೆಣದ್ರ ಒಂದ್ ವರ್ಷ ಬರ್ತೈತಿ. ರೆಕ್ಕಿ ಒಳಗೂ ಐತೇನ್ರಿ?"