ಅಲಾಸ್ಕಾ ಹಡಗಿನ ದರ: ದಿನಚರಿಯ ಪುಟಗಳು

ನವೆಂಬರ್ 10, 2024, ಭಾನುವಾರ, ಸಿಯಾಟಲ್

ಅಪ್ಪ, ಅಮ್ಮ ಬರುವ ಬೇಸಿಗೆಗೆ ಇಲ್ಲಿಗೆ ಬರುವುದು ಗಟ್ಟಿಯಾಯಿತು. ಹಿಮನದಿಯನ್ನು ಕಣ್ಣಾರೆ ನೋಡಬೇಕೆಂಬ ಅಪ್ಪನ ಆಸೆ ಇಂದು ನಿನ್ನೆಯದಲ್ಲ. ಶಿವಮೊಗ್ಗದಲ್ಲಿ ಅಷ್ಟು ವರ್ಷ ಭೂಗೋಳ ಪಾಠ ಮಾಡಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೇ ಬಂತು. ಆದ್ದರಿಂದ ಅಲಾಸ್ಕಾ ಹಡಗಿನಲ್ಲಿ ಈ ಸಲ ಹೋಗಲೇಬೇಕು.

ಜುಲೈ 13, ಭಾನುವಾರ ಸಿಯಾಟಲ್‌ನಿಂದ ಹೊರಟು ಏಳು ರಾತ್ರಿ. ಜೂನೊ, ಸ್ಕ್ಯಾಗ್ವೇ, ಕೆಚಿಕನ್, ಕೊನೆಗೆ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ. ಅಪ್ಪ, ಅಮ್ಮನಿಗೆ ಬಾಲ್ಕನಿ ಇರುವ ರೂಮು, ತೆರಿಗೆ, ಬಂದರು ಶುಲ್ಕ ಎಲ್ಲ ಸೇರಿ ಇಬ್ಬರಿಗೆ 4,180 ಡಾಲರ್. ನನಗೆ, ನಮ್ಮ ಯಜಮಾನರಿಗೆ, ಮಗಳಿಗೆ, ಮೂವರಿಗೂ ಸೇರಿ ಕಿಟಕಿಯ ರೂಮು, 4,350. ಟ್ರಾವೆಲ್ ಏಜೆಂಟ್ ಎರಡು ಬಗೆಯ ದರ ಹೇಳಿದರು. ಮುಂಗಡ ವಾಪಸು ಬರದ ದರ ಸ್ವಲ್ಪ ಅಗ್ಗ, ಬರುವ ದರ ಸ್ವಲ್ಪ ದುಬಾರಿ. ದುಬಾರಿಯದನ್ನೇ ಹಿಡಿದೆವು. ತಲಾ 250 ಡಾಲರ್ ಮುಂಗಡ ಕಟ್ಟಿದ್ದೇವೆ. ಪೂರ್ತಿ ಹಣ ಕಟ್ಟಲು ಹೊರಡುವ ದಿನಕ್ಕೆ 90 ದಿನ ಮೊದಲು, ಅಂದರೆ ಏಪ್ರಿಲ್ 14ರವರೆಗೆ ಸಮಯವಿದೆ. ಅಲ್ಲಿಯವರೆಗೆ ದರ ಇಳಿದರೆ ಇಳಿದ ದರ ಕೇಳಬಹುದು, ಏರಿದರೆ ನಮ್ಮ ದರ ನಮಗೇ. ಎರಡೂ ರೂಮಿಗೆ ಹಡಗಿನಲ್ಲಿ ಖರ್ಚು ಮಾಡಲು ನೂರು ನೂರು ಡಾಲರ್ ಜಮಾ ಬೇರೆ ಕೊಟ್ಟಿದ್ದಾರೆ.

ನವೆಂಬರ್ 29, ಶುಕ್ರವಾರ

ಬ್ಲ್ಯಾಕ್ ಫ್ರೈಡೆ. ಹಡಗು ಕಂಪನಿಯ ಪುಟದ ತುಂಬ ಕೆಂಪು ಪಟ್ಟಿ: ಎರಡನೆಯವರಿಗೆ ಅರ್ಧ ದರ, ಮಕ್ಕಳಿಗೆ ರಿಯಾಯಿತಿ, ಇನ್ನು ಇಷ್ಟೇ ಗಂಟೆ ಬಾಕಿ. ಅಪ್ಪ, ಅಮ್ಮನ ರೂಮಿಗೆ ಅದೇ ದಿನಾಂಕ, ಅದೇ ದರ್ಜೆ ಹಾಕಿ ಕೊನೆಯ ಪುಟದವರೆಗೂ ಹೋದೆ. ಒಟ್ಟು 4,260. ರಿಯಾಯಿತಿ ಎಲ್ಲ ಕಳೆದ ಮೇಲೆ ನಾವು ಹಿಡಿದದ್ದಕ್ಕಿಂತ 80 ಡಾಲರ್ ಹೆಚ್ಚು! ಮೊದಲನೆಯವರ ದರವನ್ನು ಏರಿಸಿಟ್ಟು ಎರಡನೆಯವರಿಗೆ ಅರ್ಧ ಮಾಡಿದರೆ ಇನ್ನೇನಾದೀತು. ಶೇಕಡಾವಾರು ರಿಯಾಯಿತಿಯನ್ನು ನೋಡುವುದೇ ಬೇಡ, ಕೊನೆಯ ಸಾಲಿನ ಮೊತ್ತ ಒಂದನ್ನೇ ಬರೆದಿಡಬೇಕು ಎಂದು ಇವರಿಗೂ ಹೇಳಿದೆ.

ಒಂದು ವಿಷಯದಲ್ಲಿ ಮಾತ್ರ ಈಗ ಎಷ್ಟೋ ವಾಸಿ. ಕಳೆದ ಜುಲೈ 1ರಿಂದ ಕ್ಯಾಲಿಫೋರ್ನಿಯಾದ ಹೊಸ ಕಾಯ್ದೆಯಂತೆ ಕಂಪನಿಗಳು ತಮ್ಮ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ತೋರಿಸಬೇಕು. ದೊಡ್ಡ ಹಡಗು ಕಂಪನಿಗಳು ಇಡೀ ದೇಶಕ್ಕೇ ಹಾಗೆ ಮಾಡಿಬಿಟ್ಟಿವೆ. ಅದಕ್ಕೂ ಮುಂಚೆ ಮುಖಪುಟದಲ್ಲಿ ಕಂಡ ದರವೇ ಒಂದು, ಹಣ ಕಟ್ಟುವಾಗ ಬರುವುದೇ ಇನ್ನೊಂದು. ಟಿಪ್ಸ್ ಮಾತ್ರ ಈಗಲೂ ಹೊರಗೇ ಇದೆ. ನಮ್ಮ ಹಡಗಿನಲ್ಲಿ ತಲಾ ದಿನಕ್ಕೆ 18 ಡಾಲರ್. ಐದು ಜನ, ಏಳು ದಿನ, 630 ಡಾಲರ್. ರಾತ್ರಿ ಹಗಲು ದುಡಿಯುವ ಹುಡುಗರಿಗೆ ಹೋಗಬೇಕಾದ ಹಣ, ಕೊಡಲು ಬೇಸರವಿಲ್ಲ. ಆದರೆ ಅದೂ ದರದ ಒಳಗೇ ಕಾಣಬೇಕು.

ಜನವರಿ 18, 2025, ಶನಿವಾರ

ಜನವರಿಯಿಂದ ಮಾರ್ಚ್‌ವರೆಗೆ ಹಡಗಿನವರಿಗೆ ಸುಗ್ಗಿ. ‘ವೇವ್ ಸೀಸನ್’ ಅನ್ನುತ್ತಾರೆ. ಚಳಿಯಲ್ಲಿ ಕೂತ ಜನ ಬೇಸಿಗೆಯ ಪ್ರವಾಸ ಗೊತ್ತು ಮಾಡುವ ಕಾಲ. ದರ ಇಳಿಯುವುದೆಂದು ಕಾದಿದ್ದವರಿಗೆ ಈಗ ಸಿಗುವುದು ಪಾನೀಯದ ಪ್ಯಾಕೇಜು, ವೈಫೈ, ಇಂಥ ಉಚಿತಗಳೇ. ಮೊತ್ತ ಇಳಿದಿಲ್ಲ. ನಮ್ಮ ಕಿಟಕಿಯ ರೂಮು ಇವತ್ತು 4,890 ತೋರಿಸುತ್ತಿದೆ.

ಜುಲೈ ತಿಂಗಳ ಅಲಾಸ್ಕಾ ದರ ಇಳಿಯುವುದು ಕಷ್ಟ ಎಂದು ಏಜೆಂಟ್ ಮೊದಲೇ ಹೇಳಿದ್ದರು. ಹಡಗುಗಳ ಸೀಸನ್ನೇ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಅದರಲ್ಲಿ ಶಾಲೆಗೆ ರಜೆ ಇರುವ ವಾರಗಳು ಎಷ್ಟು? ಬೇಡಿಕೆ ಹೆಚ್ಚಿತೆಂದು ಕೆರಿಬಿಯನ್‌ನ ಹಾಗೆ ಹಡಗುಗಳನ್ನು ಸುರಿಯಲೂ ಆಗದು. ಜೂನೊ ಊರಿನ ಜನಸಂಖ್ಯೆ ಸುಮಾರು 32 ಸಾವಿರ. ಅಲ್ಲಿಗೆ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿ 2024ರಿಂದಲೇ ಇದೆ. 2026ರಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಪ್ರಯಾಣಿಕರ ಹಾಸಿಗೆ ಎಂಬ ಮಿತಿಯೂ ಬರಲಿದೆ. ಶನಿವಾರ ಹಡಗೇ ಬೇಡ ಎನ್ನುವ ಪ್ರಸ್ತಾವವನ್ನು ಅಲ್ಲಿನ ಮತದಾರರು ಕಳೆದ ಅಕ್ಟೋಬರ್‌ನಲ್ಲಿ ತಿರಸ್ಕರಿಸಿದರು. ಆದರೂ ಊರಿನವರು ದಣಿದಿದ್ದಾರೆ ಎಂಬುದು ಸ್ಪಷ್ಟ. ಅವರ ಬೀದಿ, ಅವರ ಬೆಟ್ಟ. ಮಿತಿ ಇಡುವ ಹಕ್ಕು ಅವರದು. ಅದರಿಂದ ನಮ್ಮ ದರ ಏರುವುದಾದರೆ ಏರಲಿ, ಅದಕ್ಕೆ ತಕರಾರು ತೆಗೆಯಲಾರೆ.

ಅಪ್ಪ, ಅಮ್ಮನ ಕೆನಡಾ ವೀಸಾಕ್ಕೆ ಅರ್ಜಿ ಹಾಕಿದ್ದಾಯಿತು. ವಿಕ್ಟೋರಿಯಾದಲ್ಲಿ ನಿಲ್ಲುವುದು ಒಂದು ಸಂಜೆ ಮಾತ್ರ, ಆದರೂ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಹಡಗು ಅಲ್ಲಿಗೆ ಹೋಗುವುದಾದರೂ ಏಕೆಂದರೆ 1886ರ ಒಂದು ಅಮೆರಿಕನ್ ಕಾಯ್ದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟದೆ ಇಂಥ ಪ್ರಯಾಣ ಮಾಡುವಂತಿಲ್ಲ. ಆ ಹಳೇ ಕಾಯ್ದೆಯ ದೆಸೆಯಿಂದ ಅಮ್ಮ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು.

ಫೆಬ್ರವರಿ 22, ಶನಿವಾರ

ಇವತ್ತು ಗಾಬರಿಯೇ ಆಯಿತು. ನಮ್ಮ ಹಡಗು, ನಮ್ಮ ದಿನಾಂಕ, ಮೂವರು ಎಂದು ಹಾಕಿದರೆ ಕಿಟಕಿಯ ರೂಮು ಒಂದೂ ಇಲ್ಲ. ಇಬ್ಬರು ಎಂದು ಹಾಕಿದರೆ ಬೇಕಾದಷ್ಟು. ನಮ್ಮ ಬುಕಿಂಗ್ ಭದ್ರವಾಗಿದೆಯೇ ಎಂದು ಏಜೆಂಟ್‌ಗೆ ಫೋನ್ ಮಾಡಿದೆ. ಭದ್ರವಾಗಿದೆ. ಕಾರಣ ಕೇಳಿ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ: ಲೈಫ್‌ಬೋಟು.

ಮೂರನೆಯ, ನಾಲ್ಕನೆಯ ಹಾಸಿಗೆ ಇರುವ ರೂಮುಗಳೇ ಕಡಿಮೆ. ಅದರ ಮೇಲೆ, ಪ್ರತಿಯೊಬ್ಬರಿಗೂ ತುರ್ತು ಹೊತ್ತಿನಲ್ಲಿ ಸೇರಬೇಕಾದ ಜಾಗವೊಂದು ಗೊತ್ತಾಗಿರುತ್ತದೆ. ಅಲ್ಲಿನ ದೋಣಿಗಳಲ್ಲಿ ಹಿಡಿಸುವಷ್ಟೇ ತಲೆ. ಆ ಲೆಕ್ಕ ತುಂಬಿತೆಂದರೆ ರೂಮು ಖಾಲಿ ಇದ್ದರೂ ಮೂರನೆಯ ಹಾಸಿಗೆ ಮಾರುವಂತಿಲ್ಲ. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ದೇಶಗಳು ಲಂಡನ್‌ನಲ್ಲಿ ಕೂತು ಮಾಡಿಕೊಂಡ ಒಪ್ಪಂದದಿಂದ ಬಂದ ಶಿಸ್ತು ಅದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಕೊನೇ ಗಳಿಗೆಯ ಅಗ್ಗದ ದರಕ್ಕೆ ಕಾಯಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ಬೇಸಿಗೆ ರಜೆಯಲ್ಲಿ ಹಡಗು ತುಂಬಿದರೂ ಇಬ್ಬರಿಗೆ ಎಲ್ಲಾದರೂ ಜಾಗ ಸಿಕ್ಕೀತು, ಮೂರನೆಯವಳಿಗೆ ಸಿಗುವುದಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ಹೋಳಿಗೆ ತಟ್ಟುತ್ತಲೇ ಅಮ್ಮನ ಜೊತೆ ವಿಡಿಯೋ ಕಾಲ್. ದರ ಏರುವುದು, ಇಳಿಯುವುದು ಕೇಳಿ ಅಮ್ಮ ಅಂದಳು, “ಸಂತೆ ಮುಗಿಯೋ ಹೊತ್ತಿಗೆ ಸೊಪ್ಪು ಅಗ್ಗ ಆಗತ್ತಲ್ಲ, ಹಾಗೇ ಬಿಡೆ. ಬಾಡಿದ ಮೇಲೆ ಯಾರು ಕೊಳ್ತಾರೆ?”

ಅಮ್ಮ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಹಡಗು ಬಂದರು ಬಿಟ್ಟ ಗಳಿಗೆಗೆ ಖಾಲಿ ರೂಮಿನ ಬೆಲೆ ಸೊನ್ನೆ. ವಿಮಾನದವರು ಈ ಲೆಕ್ಕವನ್ನು ಮೊದಲು ಕಲಿತರು. 1978ರಲ್ಲಿ ಅಮೆರಿಕದಲ್ಲಿ ವಿಮಾನ ದರದ ಮೇಲಿನ ಸರ್ಕಾರಿ ಹಿಡಿತ ಹೋಯಿತು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಅಗ್ಗದ ದರದ ಪೀಪಲ್ ಎಕ್ಸ್‌ಪ್ರೆಸ್‌ನ ಎದುರು ನಿಲ್ಲಲು ಮುಂಗಡವಾಗಿ ಕೊಳ್ಳುವವರಿಗೆ ಕೆಲವು ಸೀಟು ಅಗ್ಗಕ್ಕೆ, ಉಳಿದದ್ದು ದುಬಾರಿಗೆ ಎಂದು ಕಂಪ್ಯೂಟರ್ ಲೆಕ್ಕದಲ್ಲಿ ಹಂಚಿತು. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತವರು ಬೇರೆ ಬೇರೆ ದರ ಕೊಡುವ ಕಾಲ ಹಾಗೆ ಬಂತು. ಎರಡು ವರ್ಷದಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಹೆಸರೇ ಇಲ್ಲವಾಯಿತು.

ಹಡಗಿಗೆ ಇನ್ನೊಂದು ಒತ್ತಡವಿದೆ. ವಿಮಾನ ಅರ್ಧ ಖಾಲಿ ಹಾರಿದರೂ ಹಾರೀತು, ಹಡಗು ಹಾಗೆ ಹೋಗುವಂತಿಲ್ಲ. ಹತ್ತಿದವರು ಒಳಗೆ ಮಾಡುವ ಖರ್ಚು ಅಷ್ಟು ದೊಡ್ಡದು. ಮದ್ಯ, ಕ್ಯಾಸಿನೊ, ಫೋಟೊ, ದಡದ ಪ್ರವಾಸ. ಕಾರ್ನಿವಲ್ ಕಂಪನಿಯ 2024ರ ಆದಾಯ 25 ಬಿಲಿಯನ್ ಡಾಲರ್. ಅದರ ಮೂರನೇ ಒಂದು ಪಾಲು ಟಿಕೆಟ್ಟಿನದಲ್ಲ, ಇಂಥ ಖರ್ಚಿನದು. ರೂಮಿಗೆ ಇಬ್ಬರು ಎಂದು ಹಿಡಿದರೆ ಆ ವರ್ಷ ಅವರ ಹಡಗುಗಳು ತುಂಬಿದ್ದು ಶೇ 105. ಹಡಗು ತುಂಬುವುದು ಖಚಿತ, ಯಾವ ದರಕ್ಕೆ ಎಂಬುದೊಂದೇ ಪ್ರಶ್ನೆ. ದಿನದಿನವೂ ನನ್ನ ಪರದೆಯ ಮೇಲೆ ಬದಲಾಗುವ ಅಂಕಿ ರೂಮಿನ ಬೆಲೆಯಲ್ಲ. ಇನ್ನು ಎಷ್ಟು ಜನ ಬರಬಹುದು ಎಂದು ಕಂಪನಿ ಅವತ್ತಿಗೆ ಮಾಡಿದ ಅಂದಾಜು ಅದು.

ಸೊಪ್ಪಿನವಳು ಸಂಜೆ ಅಗ್ಗಕ್ಕೆ ಕೊಟ್ಟರೂ ನಾಳೆ ಬೆಳಿಗ್ಗೆ ಗಿರಾಕಿ ಬಂದೇ ಬರುತ್ತಾರೆ. ಹಡಗಿನವರಿಗೆ ಆ ಧೈರ್ಯವಿಲ್ಲ. ಕೊನೆಗೆ ಅಗ್ಗವಾಗುತ್ತದೆಂದು ಜನಕ್ಕೆ ರೂಢಿಯಾದರೆ ಮುಂಚೆ ಯಾರೂ ಕೊಳ್ಳುವುದಿಲ್ಲ. ಅದಕ್ಕೇ 2015ರಲ್ಲಿ ರಾಯಲ್ ಕೆರಿಬಿಯನ್ ಕೊನೇ ಗಳಿಗೆಯ ರಿಯಾಯಿತಿ ನಿಲ್ಲಿಸುತ್ತೇವೆಂದು ಬಹಿರಂಗವಾಗಿ ಸಾರಿತು. ದರ ಇಳಿಸಿದರೂ ಸದ್ದಿಲ್ಲದೆ ಇಳಿಸುವ ಕಂಪನಿಗಳಿವೆ. ಹಿರಿಯರಿಗೆಂದು, ಇಂಥ ರಾಜ್ಯದವರಿಗೆಂದು, ಮೊದಲೇ ಪ್ರಯಾಣ ಮಾಡಿದವರಿಗೆಂದು ಬೇರೆ ಬೇರೆ ಬಾಗಿಲು. ಕೇಳಿದವರಿಗೆ ಮಾತ್ರ ತೆರೆಯುತ್ತವೆ.

ಏಪ್ರಿಲ್ 8, ಮಂಗಳವಾರ

ಇಳಿಯಿತು! ಬಾಲ್ಕನಿ ರೂಮು 3,720. ನಾವು ಹಿಡಿದದ್ದಕ್ಕಿಂತ 460 ಕಡಿಮೆ. ಕಿಟಕಿಯ ರೂಮುಗಳು ಮಾತ್ರ ಅಲುಗಿಲ್ಲ, ಒಂದೊಂದು ದರ್ಜೆಗೂ ಅದರದೇ ಏರಿಳಿತ. ಆಮದು ಸುಂಕದ ಸುದ್ದಿಗೆ ಷೇರುಪೇಟೆ ಉರುಳಿ ಆಫೀಸಿನಲ್ಲೆಲ್ಲ ಅದೇ ಮಾತು. ಜನ ಕೈ ಬಿಗಿ ಹಿಡಿಯುವ ಹೊತ್ತು. ಏಜೆಂಟ್ ಕೊಟ್ಟ ಕಾರಣ ಇನ್ನೂ ಹತ್ತಿರದ್ದು. ಟ್ರಾವೆಲ್ ಕಂಪನಿಗಳು ಗುಂಪುಗಳಿಗೆಂದು ವರ್ಷ ಮೊದಲೇ ಹಿಡಿದಿಟ್ಟ ರೂಮುಗಳಲ್ಲಿ ಮಾರಾಟವಾಗದವನ್ನು ಪೂರ್ತಿ ಹಣ ಕಟ್ಟುವ ಗಡುವಿಗೆ ಮುನ್ನ ವಾಪಸು ಕೊಡಬೇಕು. ಮನಸ್ಸು ಬದಲಾಯಿಸಿದವರೂ ಇದೇ ವಾರಗಳಲ್ಲಿ ರದ್ದು ಮಾಡುತ್ತಾರೆ. ರೂಮುಗಳು ಒಮ್ಮೆಲೇ ಸಂತೆಗೆ ಬರುತ್ತವೆ.

ಹೊಸ ದರದ ಷರತ್ತು ಓದಿದೆ. ಮುಂಗಡ ವಾಪಸಿಲ್ಲ, ನೂರು ಡಾಲರ್ ಜಮಾ ಇಲ್ಲ. ಅಂದರೆ ನಿಜವಾದ ಉಳಿತಾಯ 360. ಕೆನಡಾ ವೀಸಾ ಇನ್ನೂ ಬಂದಿಲ್ಲ. ಬಾರದೆ ಹೋದರೆ 500 ಡಾಲರ್ ಮುಂಗಡ ಹೋದಂತೆ. ಇವರು ಈಗಲೇ ಬದಲಿಸೋಣ ಎಂದರು. ನಾನು ಬೇಡವೆಂದೆ. ಪಾಸ್‌ಪೋರ್ಟ್ ಕೈಗೆ ಬರಲಿ.

ಏಪ್ರಿಲ್ 12, ಶನಿವಾರ

ನಿನ್ನೆ ಪಾಸ್‌ಪೋರ್ಟ್ ಬಂತು, ಇಬ್ಬರದರಲ್ಲೂ ವೀಸಾ ಇದೆ. ಅಪ್ಪ ಆ ಪುಟದ ಫೋಟೊವನ್ನೇ ಕಳಿಸಿದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೆಳಿಗ್ಗೆ ನೋಡಿದರೆ ದರ 3,860ಕ್ಕೆ ಏರಿದೆ. ಆದರೂ ಲಾಭವೇ. ಏಜೆಂಟ್ ಕಂಪನಿಗೆ ಫೋನ್ ಹಚ್ಚಿ ನನ್ನನ್ನೂ ಲೈನಿಗೆ ಸೇರಿಸಿಕೊಂಡರು. ರದ್ದು ಮಾಡಿ ಹೊಸದಾಗಿ ಬುಕ್ ಮಾಡಬೇಕೆಂದು ಅತ್ತಲಿಂದ ಹೇಳಿದಾಗ ಏಜೆಂಟ್ ಒಪ್ಪಲಿಲ್ಲ. ರದ್ದಾದ ಕ್ಷಣಕ್ಕೆ ಆ ರೂಮನ್ನು ಬೇರೆಯವರು ಎತ್ತಿಕೊಂಡರೆ? ಅದೇ ಬುಕಿಂಗ್ ನಂಬರಿನಲ್ಲಿ, ಅದೇ ರೂಮಿಗೆ ಹೊಸ ದರ ಹಾಕಿ, ಹೊಸ ರಸೀದಿ ನನ್ನ ಮೇಲ್‌ಗೆ ಬರುವವರೆಗೂ ಫೋನ್ ಇಡಲಿಲ್ಲ. ಇಳಿದದ್ದು 320, ಹೋದ ಜಮಾ 100, ಉಳಿದದ್ದು 220 ಡಾಲರ್. ಕಾದದ್ದಕ್ಕೆ 140 ಡಾಲರ್ ಕಡಿಮೆ ಸಿಕ್ಕಿತು ನಿಜ, ವೀಸಾ ಇಲ್ಲದೆ ಬದಲಿಸುವ ಮಾತೇ ಇರಲಿಲ್ಲ.

ಏಪ್ರಿಲ್ 14, ಸೋಮವಾರ

ಎರಡೂ ರೂಮಿನ ಪೂರ್ತಿ ಹಣ ಕಟ್ಟಿದ್ದಾಯಿತು.

ಜೂನ್ 21, ಶನಿವಾರ

ಅಪ್ಪ, ಅಮ್ಮ ಬಂದು ಎರಡು ವಾರವಾಗುತ್ತ ಬಂತು. ಅಪ್ಪ ಊಟದ ಮೇಜಿನ ಮೇಲೆ ಅಲಾಸ್ಕಾದ ನಕ್ಷೆ ಹರಡಿಕೊಂಡು ಮೊಮ್ಮಗಳಿಗೆ ಪಾಠ ಶುರುಮಾಡಿದ್ದಾರೆ.

ಬಾಲ್ಕನಿ ರೂಮು ಈಗ 3,490. ಏಜೆಂಟ್ ಕೇಳಿ ನೋಡಿದರು. ಗಡುವು ಮುಗಿದಿದೆ, ಏನೂ ಕೊಡಲಾಗದು ಎಂಬ ಉತ್ತರ. ರದ್ದು ಮಾಡಿ ಮತ್ತೆ ಕೊಳ್ಳುವ ಹಾಗೂ ಇಲ್ಲ. ನಮ್ಮ ಒಪ್ಪಂದದಂತೆ ಹೊರಡಲು 30 ದಿನ ಉಳಿದ ಮೇಲೆ ರದ್ದು ಮಾಡಿದರೆ ಟಿಕೆಟ್ ಹಣದಲ್ಲಿ ಒಂದು ಡಾಲರೂ ವಾಪಸಿಲ್ಲ.

ಆಫೀಸಿನ ಗಂಡ ಹೆಂಡತಿ ಇಬ್ಬರು ಇದೇ ಹಡಗಿಗೆ ಈ ವಾರ ಟಿಕೆಟ್ ತೆಗೆದುಕೊಂಡರು. ಕಿಟಕಿ ಇಲ್ಲದ ರೂಮು, ಯಾವುದೆಂದು ಕಂಪನಿಯೇ ಕೊನೆಗೆ ಗೊತ್ತು ಮಾಡುವ ‘ಗ್ಯಾರಂಟಿ’ ದರ, ಇಬ್ಬರಿಗೂ ಸೇರಿ 1,900ರ ಒಳಗೆ. ಅವರಿಗೆ ಅದು ಸರಿಯಾದ ದಾರಿ. ಮಕ್ಕಳಿಲ್ಲ, ವೀಸಾ ಬೇಕಿಲ್ಲ, ವಿಮಾನ ಹತ್ತಬೇಕಿಲ್ಲ, ಬಂದರು ಮನೆಯಿಂದ ಅರ್ಧ ಗಂಟೆ. ಶಿವಮೊಗ್ಗದಿಂದ ಬರುವ ಎಪ್ಪತ್ತು ದಾಟಿದವರಿಗೆ ಅದೇ ದಾರಿ ಹೇಳಿದರೆ ಅನ್ಯಾಯ. ಅವರ ವಿಮಾನದ ಟಿಕೆಟ್ಟೇ ಜನವರಿಯಲ್ಲಿ ಆಗಿಹೋಗಿತ್ತು.

ಜುಲೈ 12, ಶನಿವಾರ

ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದ್ದಾಯಿತು. ಅಮ್ಮನ ಚೀಲದಲ್ಲಿ ಚಟ್ನಿಪುಡಿ, ಎರಡು ಶಾಲು, ಅಪ್ಪನ ಮಂಡಿನೋವಿನ ಎಣ್ಣೆ. ಅಕ್ಕ ಬರುವ ವರ್ಷ ಮಕ್ಕಳ ಜೊತೆ ಬರುತ್ತಾಳಂತೆ, ಯಾವಾಗ ಬುಕ್ ಮಾಡಲಿ ಎಂದು ಕೇಳಿದ್ದಳು. ಈಗಲೇ ಮಾಡು, ಮುಂಗಡ ವಾಪಸು ಬರುವ ದರದಲ್ಲೇ ಮಾಡು, ಪೂರ್ತಿ ಹಣ ಕಟ್ಟುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು, ಅಲ್ಲಿಯವರೆಗೆ ವಾರಕ್ಕೊಮ್ಮೆ ಮೊತ್ತ ನೋಡು, ಆಮೇಲೆ ನೋಡಬೇಡ ಎಂದು ಬರೆದು ಕಳಿಸಿದೆ.

ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಹೊರಡುವ ಮೂರು ತಿಂಗಳು ಮೊದಲೇ ಪೂರ್ತಿ ಹಣ ಇಸಿದುಕೊಂಡ ಕಂಪನಿ, ಆಮೇಲೆ ತಾನೇ ದರ ಇಳಿಸಿದರೆ ಆ ವ್ಯತ್ಯಾಸವನ್ನು ಹಣವಾಗಿ ಕೊಡದಿದ್ದರೂ ಹಡಗಿನ ಖರ್ಚಿನ ಲೆಕ್ಕಕ್ಕಾದರೂ ಜಮಾ ಮಾಡಬೇಕು. ಹಡಗು ತುಂಬುತ್ತದೋ ಇಲ್ಲವೋ ಎಂಬ ಅವರ ಆತಂಕವನ್ನು ನವೆಂಬರ್‌ನಲ್ಲೇ ಕಡಿಮೆ ಮಾಡಿದವರು ನಮ್ಮಂಥವರು.

ಎರಡು ರೂಮು, ಟಿಪ್ಸ್ ಸೇರಿ ಐವರಿಗೆ ತಗಲಿದ್ದು 8,840 ಡಾಲರ್. ನಾಳೆ ಹನ್ನೊಂದಕ್ಕೆ ಬಂದರಿನಲ್ಲಿರಬೇಕು.