ಕಾಗದದ ಮುಡಿ

ಹೆಣ್ಣಿನ ಕೂದಲಿಗೆ ನಮ್ಮ ಭಾಷೆಯಲ್ಲಿರುವ ಹೆಸರುಗಳನ್ನು ಎಣಿಸಹೊರಟರೆ ಒಂದು ಪೀರಿಯಡ್ಡು ಸಾಲದು. ಮುಡಿ, ತುರುಬು, ಹೆರಳು, ಜಡೆ, ಕುರುಳು ಎನ್ನುತ್ತಾ ಹೋದರೆ ಹಿಂದಿನ ಬೆಂಚಿನ ಹುಡುಗರೂ ಎಚ್ಚರಗೊಳ್ಳುತ್ತಾರೆ. ಬಿಚ್ಚಿದ ಒಂದು ಮುಡಿಯನ್ನು ಮತ್ತೆ ಕಟ್ಟುವ ಮೊದಲು ಹದಿನೆಂಟು ಅಕ್ಷೌಹಿಣಿ ಸೈನ್ಯ ನೆಲಕ್ಕುರುಳಿದ ಕಥೆಯನ್ನು ಪಾಠ ಹೇಳಿಯೇ ನಾನು ಇಪ್ಪತ್ತು ವರ್ಷಗಳಿಂದ ಸಂಬಳ ಎಣಿಸುತ್ತಿದ್ದೇನೆ. ಇಷ್ಟಾದರೂ, ಹಾಯಿ ಬಿಚ್ಚಿದ ಯುದ್ಧನೌಕೆಯೊಂದನ್ನು ಹೊತ್ತು ನಿಂತ ಮುಡಿಯನ್ನು ಕಾಣಬೇಕಾದರೆ ನಮ್ಮ ಕವಿಗಳನ್ನು ಬಿಟ್ಟು ಫ್ರಾನ್ಸಿಗೇ ಹೋಗಬೇಕು.

೧೭೭೮ರ ಜೂನ್ ತಿಂಗಳಲ್ಲಿ ‘ಬೆಲ್ ಪೂಲ್’ ಎಂಬ ಫ್ರೆಂಚ್ ನೌಕೆ ‘ಅರೆಥ್ಯೂಸ’ ಎಂಬ ಇಂಗ್ಲಿಷ್ ನೌಕೆಯೊಡನೆ ಕಾದಿತು. ಬೆಲ್ ಪೂಲ್ ಎಂದರೆ ಚೆಲುವಾದ ಕೋಳಿ. (ಯುದ್ಧಕ್ಕೆ ಹೋಗುವ ಹಡಗಿಗೆ ಈ ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು.) ಫ್ರೆಂಚರು ಅದನ್ನು ತಮ್ಮ ಜಯವೆಂದೇ ಎಣಿಸಿದರು. ಜಯ ಬಂದರೆ ನಮ್ಮಲ್ಲಿ ಶಾಸನ ಕೆತ್ತಿಸುತ್ತಿದ್ದರು. ಪ್ಯಾರಿಸಿನ ಹೆಂಗಸರು ಅದನ್ನು ತಲೆಯ ಮೇಲೆ ಕಟ್ಟಿಕೊಂಡರು. ಕೂದಲೇ ಕಡಲು, ಸುರುಳಿಗಳೇ ಅಲೆ, ಅದರ ಮೇಲೆ ಕೂವೆಮರ, ಹಾಯಿ, ಹಗ್ಗಗಳ ಸಮೇತ ಹಡಗು. ಇದಕ್ಕೂ ನಾಲ್ಕು ವರ್ಷ ಮೊದಲು, ೧೭೭೪ರ ಮೇ ತಿಂಗಳಲ್ಲಿ, ಹದಿನೈದನೆಯ ಲೂಯಿ ಸಿಡುಬಿನಿಂದ ತೀರಿಕೊಂಡ. ಮೊಮ್ಮಗ ಹದಿನಾರನೆಯ ಲೂಯಿ ಮರುತಿಂಗಳೇ ದೇವಿ ಹಾಕಿಸಿಕೊಂಡು ಬದುಕಿ ಉಳಿದ. ಅದಕ್ಕೂ ಒಂದು ಮುಡಿ ಸಿದ್ಧವಾಯಿತು: ಹಾವು, ಗದೆ, ಉದಯಿಸುವ ಸೂರ್ಯ, ಆಲಿವ್ ಮರ. ರಾಣಿ ಮರಿ ಆಂತ್ವಾನೆತ್‌ಳ ಬಳಿ ಉಡುಗೆತೊಡುಗೆಗೆ ರೋಸ್ ಬೆರ್ತಾಂ ಎಂಬಾಕೆ, ಕೂದಲಿಗೆ ಲೆಯೊನಾರ್ ಎಂಬಾತ. ಇಬ್ಬರೂ ಸೇರಿದರೆ ಹೆಣ್ಣಿನ ತಲೆಯೇ ಒಂದು ದಿನಪತ್ರಿಕೆ. ಆ ಗೋಪುರಗಳ ಮೇಲೆ ಉದುರಿಸುತ್ತಿದ್ದ ಪುಡಿ ಬಹುಮಟ್ಟಿಗೆ ಗೋಧಿಯ ಹಿಟ್ಟಿನಿಂದ ತೆಗೆದದ್ದು. ೧೭೭೫ರ ವಸಂತದಲ್ಲಿ ಅದೇ ಪ್ಯಾರಿಸಿನಲ್ಲೂ ಸುತ್ತಲ ಊರುಗಳಲ್ಲೂ ರೊಟ್ಟಿಯ ಹಿಟ್ಟಿಗಾಗಿ ಜನ ದೊಂಬಿಯೆದ್ದರು; ಇತಿಹಾಸದಲ್ಲಿ ಅದಕ್ಕೆ ಹಿಟ್ಟಿನ ಯುದ್ಧವೆಂದೇ ಹೆಸರು. ಹಿಟ್ಟು ತಲೆಯ ಮೇಲೇರಿದರೆ ಹೊಟ್ಟೆಗೆಲ್ಲಿಂದ ಬರಬೇಕು?

ಈ ಮುಡಿಗಳು ಒಂದು ವಾರ, ಎರಡು ವಾರ ಬಾಳಿ ಬಿಚ್ಚಿಹೋದವು. ಅವುಗಳ ಚಿತ್ರಗಳು ಮಾತ್ರ ಉಳಿದುಕೊಂಡವು. ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ, ಕೈಯಿಂದ ಬಣ್ಣ ಹಚ್ಚಿ ಮಾರುತ್ತಿದ್ದ ಚಿತ್ರಗಳು ಅವು. ಇಂದು ಅವನ್ನು ನೋಡುವುದಕ್ಕೆ ಹಡಗು ಹತ್ತಬೇಕಾಗಿಲ್ಲ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯ, ಆಮ್‌ಸ್ಟರ್‌ಡಾಮಿನ ರೈಕ್ಸ್ ವಸ್ತುಸಂಗ್ರಹಾಲಯ ಮೊದಲಾದವರು ತಮ್ಮಲ್ಲಿರುವ ಇಂಥ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ನಮ್ಮ ಮನೆಗೆ ಅವು ಬಂದದ್ದು ಹಾಗೆಯೇ, ನನ್ನ ಮಗಳ ಫೋನಿನ ಮೂಲಕ; ಬಂದದ್ದು ನನ್ನ ಪಾಂಡಿತ್ಯಕ್ಕಾಗಿಯಲ್ಲ, ನನ್ನ ಅಕ್ಕನಿಗಾಗಿ.

ಅಕ್ಕ ಮೈಸೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದು ನಿವೃತ್ತಳಾದವಳು. ಹೋದ ವರ್ಷ ಕ್ಯಾನ್ಸರಿನ ಚಿಕಿತ್ಸೆಗೆಂದು ಬೆಂಗಳೂರಿನ ನಮ್ಮ ಮನೆಯಲ್ಲಿ ಆರು ತಿಂಗಳಿದ್ದಳು. ಎರಡನೆಯ ಸಲದ ಔಷಧಿ ಮೈಗಿಳಿಯುವಷ್ಟರಲ್ಲಿ, ಸೊಂಟ ದಾಟಿದ್ದ ಆ ಜಡೆ ಪೂರ್ತಿಯಾಗಿ ಉದುರಿಹೋಯಿತು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಬಾಚಣಿಗೆಗಳನ್ನು ನನ್ನ ಹೆಂಡತಿ ಸದ್ದಿಲ್ಲದೆ ಒಳಗಿಟ್ಟಳು. ಒಂದು ಸಂಜೆ ಮಗಳು, “ಅತ್ತೆ, ಇಲ್ಲಿ ನೋಡಿ,” ಎಂದು ಹಡಗಿನ ಮುಡಿಯನ್ನು ತೋರಿಸಿಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ಅಕ್ಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಇದಕ್ಕೆ ವಾರಕ್ಕೆಷ್ಟು ಹರಳೆಣ್ಣೆ ಬೇಕಾಗಿತ್ತೋ!” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಾರೋ. ಬಣ್ಣದಲ್ಲಿ,” ಎಂದು ಅಪ್ಪಣೆ ಮಾಡಿದಳು.

ಮೂವತ್ತೈದು ವರ್ಷ ಮಕ್ಕಳಿಗೆ ಚಾರ್ಟು ಮಾಡಿದ ಕೈ ಅದು. ಕತ್ತರಿಯನ್ನು ತಿರುಗಿಸಬಾರದು, ಕಾಗದವನ್ನು ತಿರುಗಿಸಬೇಕು ಎಂಬುದು ಆಕೆಯ ಮೊದಲನೆಯ ಸೂತ್ರ. ಒಳಗಿನ ಸಂದುಗಳನ್ನು, ಅಂದರೆ ಕೈ ಸೊಂಟದ ಮೇಲಿದ್ದಾಗ ನಡುವೆ ಉಳಿಯುವ ಜಾಗ, ಸುರುಳಿಯ ಒಳಗಣ ಕಿಂಡಿ, ಇವನ್ನು ಮೊದಲು ತೆಗೆದು ಹೊರ ಅಂಚಿಗೆ ಕೊನೆಗೆ ಬರಬೇಕೆಂಬುದು ಎರಡನೆಯದು. ಮೊದಲೇ ಹೊರ ಅಂಚು ಕತ್ತರಿಸಿದರೆ ಹಿಡಿದುಕೊಳ್ಳಲು ಕಾಗದವೇ ಇರುವುದಿಲ್ಲ. ಉಗುರು ಕತ್ತರಿಸುವ ಬಾಗಿದ ಪುಟ್ಟ ಕತ್ತರಿಯೇ ಆಯುಧ. ಮನೆಯ ಪ್ರಿಂಟರಿನಿಂದ ಬಂದ ಮೊದಲ ಪ್ರತಿಗೆ ಅಂಟು ಹಚ್ಚಿದೊಡನೆ ಕೆನ್ನೆಯ ಕೆಂಪು ಕತ್ತಿಗಿಳಿಯಿತು. ಅಂದಿನಿಂದ ನಾನು ಬೀದಿಯ ಕೊನೆಯ ಝೆರಾಕ್ಸ್ ಅಂಗಡಿಗೆ ಗಿರಾಕಿಯಾದೆ. ಲೇಸರ್ ಯಂತ್ರದ ಬಣ್ಣ ನೀರಿಗೆ ಹೆದರುವುದಿಲ್ಲ. ಅಂಗಡಿಯ ಹುಡುಗ ಮೂರನೆಯ ದಿನ, “ಸಾರ್, ನಾಟಕ ಆಡಿಸ್ತಿದೀರಾ?” ಎಂದ. ಒಂದೇ ಚಿತ್ರದ ಮೂರು ಪ್ರತಿ ಬೇಕು. ಮೊದಲನೆಯದು ಪೂರ್ತಿ, ಎರಡನೆಯದರಲ್ಲಿ ಮುಡಿ ಮತ್ತು ತೋಳು, ಮೂರನೆಯದರಲ್ಲಿ ಹಡಗು ಮಾತ್ರ. ನಡುನಡುವೆ ಬೇಳೆಯಷ್ಟು ರಟ್ಟಿನ ಚೂರಿಟ್ಟು ಒಂದರ ಮೇಲೊಂದು ಅಂಟಿಸಿದರೆ ಹಡಗು ಕಾಗದದಿಂದ ಮೇಲೆದ್ದು ನಿಲ್ಲುತ್ತದೆ. ಅಡಿಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ. ನಮ್ಮ ಬಂಧುಗಳ ಮದುವೆಗಳು ಇಷ್ಟು ಉಪಯುಕ್ತವೆಂದು ನಾನು ಎಣಿಸಿರಲಿಲ್ಲ.

ಈ ಕಾರ್ಡುಗಳು ಆಸ್ಪತ್ರೆಯ ನರ್ಸುಗಳಿಗೆ ಹೋದವು, ಪಕ್ಕದ ಮನೆಯ ಮಕ್ಕಳಿಗೆ ಹೋದವು. ಆಮೇಲೆ ಅಕ್ಕನಿಗೆ ಇನ್ನೊಂದು ಯೋಚನೆ ಹೊಳೆಯಿತು. ಎಂಬತ್ತು ದಾಟಿದ ನಮ್ಮ ಸೋದರಮಾವನ ಭಾವಚಿತ್ರಕ್ಕೆ, ಆ ಬೋಳುತಲೆಗೆ ಸರಿಯಾಗಿ, ಸಿಡುಬಿನ ಮುಡಿಯನ್ನು ಕೂರಿಸಿ ಹುಟ್ಟುಹಬ್ಬಕ್ಕೆ ಕಳಿಸಿದಳು. ಆತ ಫೋನು ಮಾಡಿ ನಕ್ಕದ್ದು ಪಕ್ಕದ ಕೋಣೆಗೂ ಕೇಳಿಸಿತು.

ಚಿತ್ರ ಕತ್ತರಿಸಿ ಅಂಟಿಸುವ ಈ ಹುಚ್ಚು ಫ್ರಾನ್ಸಿಗೆ ಹೊಸದಲ್ಲ. ಐಸೆ ಎಂಬ ಮಹಿಳೆ ೧೭೨೭ರಲ್ಲಿ ಪ್ಯಾರಿಸಿನಿಂದ ಬರೆದ ಕಾಗದವೊಂದರಲ್ಲಿ, ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಬಣ್ಣದ ಅಚ್ಚುಚಿತ್ರಗಳನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ತೆರೆ ತಡಿಕೆಗಳನ್ನು ಮಾಡುತ್ತಿರುವುದನ್ನು ಹೇಳಿದ್ದಾಳೆ. ಬೆಲೆಬಾಳುವ ಚಿತ್ರಗಳನ್ನೂ ಬಿಡುತ್ತಿಲ್ಲವೆಂದು ಆಕೆಯ ಕೊರಗು. ಆ ಕೊರಗಿನಲ್ಲಿ ಸ್ವಲ್ಪ ನಗೆಯೂ ಇದೆ. ಆಕೆಯ ಕೈಯಲ್ಲೂ ಕತ್ತರಿ ಇದ್ದಿರಬಹುದೆಂದು ನನ್ನ ಗುಮಾನಿ.

ನನಗೆ ಈ ಪ್ರಪಂಚದಲ್ಲಿ ಒಬ್ಬ ಸಹೋದ್ಯೋಗಿ ದೊರಕಿದ. ಪಿಯೆರ್ ದ ಲ ಮೆಸಾಂಜೇರ್ ಎಂದು ಹೆಸರು, ೧೭೬೧ರಲ್ಲಿ ಹುಟ್ಟಿದವನು. ಪಾದ್ರಿ, ಲ ಫ್ಲೆಶ್ ಎಂಬ ಊರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ಸಾಹಿತ್ಯಗಳ ಅಧ್ಯಾಪಕ. ಫ್ರೆಂಚ್ ಕ್ರಾಂತಿಯಲ್ಲಿ ಆ ಬದುಕು ಬಿದ್ದುಹೋಯಿತು. ಮನುಷ್ಯ ಪ್ಯಾರಿಸಿಗೆ ಬಂದು, ೧೭೯೭ರಲ್ಲಿ ಶುರುವಾಗಿದ್ದ ಹೆಂಗಸರ ಉಡುಗೆಯ ಪತ್ರಿಕೆಯೊಂದರ ಸಂಪಾದಕನಾಗಿ, ೧೮೩೧ರಲ್ಲಿ ಸಾಯುವವರೆಗೂ ಅದನ್ನು ನಡೆಸಿದ. ಐದು ದಿನಕ್ಕೊಮ್ಮೆ ಸಂಚಿಕೆ, ಜೊತೆಗೆ ಬಣ್ಣದ ಚಿತ್ರ. ಆತ ತರಗತಿಯಲ್ಲಿ ಹೇಳಿದ ತತ್ತ್ವ ಒಂದೂ ಉಳಿದಿಲ್ಲ. ಆತ ಅಚ್ಚು ಹಾಕಿಸಿದ ಟೋಪಿಗಳೆಲ್ಲ ಉಳಿದಿವೆ. ಅಧ್ಯಾಪಕರಾದವರು ಇದನ್ನು ಒಬ್ಬರೇ ಕೂತು ಯೋಚಿಸಬೇಕು.

ಲ ಮೆಸಾಂಜೇರನ ಪತ್ರಿಕೆಯಲ್ಲಿ ಗೋಪುರದ ಮುಡಿಗಳಿಲ್ಲ. ನಡುವೆ ಗಿಲೊಟಿನ್ ಬಂದು ಹೋಗಿತ್ತು. ೧೭೯೩ರ ಅಕ್ಟೋಬರ್ ೧೬ರಂದು ಮರಿ ಆಂತ್ವಾನೆತ್‌ಳನ್ನು ಗಾಡಿಯಲ್ಲಿ ಕೂರಿಸಿ ಒಯ್ಯುವಾಗ ದಾವಿದ್ ಎಂಬ ಚಿತ್ರಕಾರ ಲೇಖನಿಯಿಂದ ಗೀಚಿದ ಒಂದು ಚಿತ್ರವಿದೆ: ಬಿಳಿ ಟೋಪಿ, ಅದರ ಕೆಳಗೆ ಮೊಂಡಾಗಿ ಕತ್ತರಿಸಿದ ಕೂದಲು, ಬಿಗಿದ ತುಟಿ. ಹಾವು, ಗದೆ, ಸೂರ್ಯರ ಮುಡಿ ಮೆರೆದ ಆಸ್ಥಾನದ ರಾಣಿ ಅವಳೇ. ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ಹೆಂಗಸರು ತಾವಾಗಿಯೇ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡು, ಅದಕ್ಕೆ ‘ತೀತಸ್’ ಎಂದು ರೋಮನ್ ಹೆಸರಿಟ್ಟು, ಅದನ್ನೇ ಫ್ಯಾಷನ್ ಮಾಡಿಕೊಂಡರು. ಪತ್ರಿಕೆಯ ಚಿತ್ರಗಳಲ್ಲಿ ಅಂಥ ತಲೆಗಳಿವೆ. ದಾವಿದನ ಚಿತ್ರವನ್ನು ನಾನು ಅಕ್ಕನಿಗೆ ತೋರಿಸಲಿಲ್ಲ. ತೀತಸ್ ಚಿತ್ರಗಳನ್ನು ಮಾತ್ರ ಅಚ್ಚು ಹಾಕಿಸಿ ತಂದೆ. ಅವನ್ನು ಆಕೆ ಕತ್ತರಿಸಲಿಲ್ಲ. ಕಿಟಕಿಯ ಪಕ್ಕದಲ್ಲಿ ಹಾಗೆಯೇ ಅಂಟಿಸಿಕೊಂಡಳು. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, “ಬಂತು ನೋಡೋ ನಿನ್ನ ರೋಮನ್ನರದು,” ಎಂದಳು.

ಹತ್ತೊಂಬತ್ತನೆಯ ಶತಮಾನದ ಚಿತ್ರಗಳಿಗೆ ಬಂದಾಗ ನಮ್ಮಿಬ್ಬರಿಗೂ ಜಗಳವಾಯಿತು. ಆ ಕಾಲದ ಫ್ರೆಂಚ್ ಫ್ಯಾಷನ್ ಚಿತ್ರಗಳಲ್ಲಿ ಬಹಳ ಒಳ್ಳೆಯವು ಮೂವರು ಅಕ್ಕತಂಗಿಯರವು. ಅಲೆಕ್ಸಾಂದ್ರ್ ಮರಿ ಕೊಲಾಂ ಎಂಬ ಚಿತ್ರಕಾರನ ಹೆಣ್ಣುಮಕ್ಕಳು: ಎಲೊಯೀಸ್ ಲೆಲ್ವಾರ್, ಅನಾಯಿಸ್ ತೂದೂಜ್, ಲೋರ್ ನೊಯೆಲ್. ತಂದೆಯಿಂದ ಕೆಲಸ ಕಲಿತು, ಪತ್ರಿಕೆಗಳಿಗೆ ವರ್ಷಗಟ್ಟಲೆ ಬರೆದು ಸಂಸಾರ ನಡೆಸಿದವರು. ಅವರ ರೇಖೆಯ ಮೇಲೆ ಬಣ್ಣ ಹಚ್ಚುತ್ತಿದ್ದವರೂ ಹೆಂಗಸರೇ. ಅವರ ಹೆಸರುಗಳಂತೂ ಎಲ್ಲಿಯೂ ಇಲ್ಲ. ಅಕ್ಕತಂಗಿಯರ ಹೆಸರು ಚಿತ್ರದ ಕೆಳಮೂಲೆಯಲ್ಲಿ, ನೆರಿಗೆಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಕತ್ತರಿ ಆಕೃತಿಯ ಅಂಚನ್ನೇ ಹಿಡಿದು ಹೋಗುವುದರಿಂದ ಮೊಟ್ಟಮೊದಲು ಕಸದ ಬುಟ್ಟಿಗೆ ಬೀಳುವುದು ಆ ಹೆಸರು. ಈ ಕರಕುಶಲದ ಬಗ್ಗೆ ನನಗಿರುವ ನಿಜವಾದ ತಕರಾರು ಇದೊಂದೇ. ಕವಿಯ ಅಂಕಿತ ತೆಗೆದು ವಚನ ಹಾಡಿದರೆ ನಾವು ಸುಮ್ಮನಿರುತ್ತೇವೆಯೆ? “ಕಾರ್ಡಿನ ಬೆನ್ನಿಗೆ ಹೆಸರು ಬರಿ,” ಎಂದೆ. “ನರ್ಸಮ್ಮನಿಗೆ ಯಾಕೋ ಇದೆಲ್ಲ?” ಎಂದು ಅಕ್ಕ ರೇಗಿದಳು. ಆದರೆ ಬರೆದಳು.

ಅಷ್ಟರಲ್ಲಿ ಪ್ಯಾರಿಸಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೆನ್ ನದಿಯ ದಂಡೆಯ ಹಳೆಯ ಪುಸ್ತಕದ ಪೆಟ್ಟಿಗೆಯಂಗಡಿಯಿಂದ ಒಂದು ಹಾಳೆ ತಂದುಕೊಟ್ಟ. ‘ಲ ಮೋದ್ ಇಲ್ಯುಸ್ತ್ರೆ’ ಎಂಬ, ೧೮೬೦ರಲ್ಲಿ ಹುಟ್ಟಿದ ವಾರಪತ್ರಿಕೆಯದು, ೧೮೬೭ರ ಚಿತ್ರ, ಅನಾಯಿಸ್ ತೂದೂಜಳ ಅಂಕಿತ. ಇಬ್ಬರು ಹೆಂಗಸರು, ಒಬ್ಬಳದು ಬೂದು, ಒಬ್ಬಳದು ನೀಲಿ. ಬೆಳಕಿಗೆ ಹಿಡಿದರೆ ನೀಲಿ ಬಣ್ಣ ಅಂಚು ಮೀರಿ ಕೂದಲೆಳೆಯಷ್ಟು ಹೊರಗೆ ಹರಿದಿರುವುದು ಕಾಣುತ್ತದೆ. ಕುಂಚ ಹಿಡಿದವಳಿಗೆ ಆ ಹೊತ್ತು ಅವಸರವಿದ್ದಿರಬೇಕು. ಅಕ್ಕ ಕತ್ತರಿ ತೆಗೆದಳು. “ಅಕ್ಕ, ಇದು ಮೂಲಪ್ರತಿ. ಬೇಡ,” ಎಂದೆ. “ಉಳಿಸಿ ಯಾರಿಗೋ ಕೊಡೋದು?” ಎಂದು ಕೇಳಿದಳು. ಆ ಪ್ರಶ್ನೆಯನ್ನು ಆಕೆ ಆ ಹಾಳೆಯ ಬಗ್ಗೆ ಮಾತ್ರ ಕೇಳಿರಲಿಲ್ಲ. ನಾನು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದೆ.

ಮೂಲಪ್ರತಿಗಳಿಗೆ ಕತ್ತರಿ ಹಾಕಬಾರದೆಂಬುದೇ ಇಂದಿಗೂ ನನ್ನ ಮತ. ಅಂಥ ವಾರಪತ್ರಿಕೆಗಳು ಸಾವಿರಗಟ್ಟಲೆ ಅಚ್ಚಾದವು, ನಿಜ. ಹೊಲಿಗೆಯ ನಮೂನೆಯ ಹಾಳೆಗಳೂ ಜೊತೆಗಿರುತ್ತಿದ್ದುದರಿಂದ ಓದುಗರ ಕೈಯಲ್ಲಿ ಕತ್ತರಿ ಮೊದಲೇ ಇತ್ತು, ಅದೂ ನಿಜ. ಆದರೂ ಕತ್ತರಿಸಿದಷ್ಟೂ ಉಳಿದವು ಕಡಿಮೆಯಾಗುತ್ತಲೇ ಹೋಗುತ್ತವೆ. ಎರಡು ದಿನ ಹಾಳೆ ಮೇಜಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ಅಕ್ಕ, “ಹೆಸರಿಗೆ ತಾಗಲ್ಲ, ಮುಖಕ್ಕೆ ತಾಗಲ್ಲ. ಆಯ್ತಾ?” ಎಂದು ಬ್ಲೇಡು ತರಿಸಿದಳು. ನೀಲಿಯ ಹೆಂಗಸಿನ ನಿಲುವಂಗಿಯನ್ನಷ್ಟೇ, ನೆರಿಗೆಯ ಗೆರೆಗಳನ್ನು ಉಳಿಸಿಕೊಂಡು, ಪಟ್ಟಿಪಟ್ಟಿಯಾಗಿ ಕೊರೆದು ತೆಗೆದಳು. ಹಿಂದಿನಿಂದ ತನ್ನ ಮದುವೆಯ ಮೈಸೂರು ರೇಷ್ಮೆಯ ಸೀರೆಯ ಒಂದು ತುಂಡನ್ನು ಮೈದಾ ಅಂಟಿನಿಂದ ಕೂರಿಸಿದಳು. ಹದಿನಾಲ್ಕನೆಯ ಲೂಯಿಯ ಕಾಲದಲ್ಲೇ ಫ್ರೆಂಚರು ಉಡುಗೆಯ ಚಿತ್ರಗಳಿಗೆ ಹೀಗೆ ಕೊರೆದು ಹಿಂದಿನಿಂದ ಪಟ್ಟೆ ತೊಡಿಸುತ್ತಿದ್ದರು. ಅಕ್ಕ ಅದನ್ನು ಅವರಿಂದ ಕಲಿತವಳಲ್ಲ. ನಮ್ಮಜ್ಜಿಯ ದೇವರಮನೆಯಲ್ಲಿ ರವಿವರ್ಮನ ಅಚ್ಚುಕೂಟದ ಲಕ್ಷ್ಮಿಯ ಪಟವಿತ್ತು. ಲಕ್ಷ್ಮಿಗೆ ಜರಿಯ ಸೀರೆ, ಚಮಕಿ, ಎಲ್ಲವನ್ನೂ ಅಜ್ಜಿಯೇ ಅಂಟಿಸಿದ್ದಳು.

ಕೊರೆದು ತೆಗೆದ ನೀಲಿ ಕಾಗದದ ಪಟ್ಟಿಗಳು ತಟ್ಟೆಯಲ್ಲಿ ಉಳಿದಿದ್ದವು, ನೂರೈವತ್ತು ವರ್ಷ ದಾಟಿದ ಬಣ್ಣ. ಅವನ್ನೂ ಬಿಸಾಡಲಿಲ್ಲ. ಒಂದು ಲಗ್ನಪತ್ರಿಕೆಯ ಬೆನ್ನಿಗೆ ಸಾಲಾಗಿ ಅಂಟಿಸಿ, ಕೆಳಗೆ ಹೆಸರು ಬರೆಯಲು ಕೂತಳು. “ಅನಾಯಿಸ್‌ಗೆ ಯಾವ ಸಕಾರನೋ, ಮೇಷ್ಟ್ರೇ?” ಎಂದಳು. ದಂತ್ಯ ಎಂದೆ.