ದಂಡ ಯಾರದು?

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ನಾನು ಹೋಗಿದ್ದಾಗ ನಡೆದ ಸಂಗತಿಯಿದು. ಮನೆಯ ಗುತ್ತಿಗೆಪತ್ರದಲ್ಲಿಯೇ ಅವನಿಗೆ ಬಿಟ್ಟುಕೊಟ್ಟಿದ್ದ ಸ್ಥಳದಲ್ಲಿ ಅವನ ಕಾರು ನಿಂತಿತ್ತು. ಪರವಾನಗಿಯ ಚೀಟಿಯು ಗಾಜಿನಿಂದ ಜಾರಿಬಿದ್ದಿತೆಂಬ ಕಾರಣಕ್ಕೆ ಖಾಸಗಿ ಕಂಪೆನಿಯೊಂದು 100 ಪೌಂಡು ಕೇಳಿತು. 14 ದಿನಗಳೊಳಗೆ ತೆತ್ತರೆ 60.

“ತೆತ್ತುಬಿಡು, ಮಾನವಂತರಿಗೆ ವ್ಯಾಜ್ಯವೇಕೆ?” ಎಂದೆನು.

ಸೊಸೆಯು ಒಪ್ಪಲಿಲ್ಲ. “ಮಾವನವರೇ, ಇದು ದಂಡವಲ್ಲ, ಕರಾರು ಮುರಿದಿರೆಂಬ ಬರಿಯ ಬೇಡಿಕೆ” ಎಂದಳು.

ನಿಜವೇ. ದಂಡವು ರಾಜಧರ್ಮ, ವರ್ತಕನದಲ್ಲ. ಅಂಗಡಿಗಳ ಮುಂದಣ ಬಯಲೊಂದರಲ್ಲಿ ಹೊತ್ತು ಮೀರಿ ನಿಂತ ಕಾರಿನ ಮೇಲಿನ 85 ಪೌಂಡಿನ ಬೇಡಿಕೆಯನ್ನು 2015ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಎತ್ತಿಹಿಡಿದುದುಂಟು. ಆದರೆ ಗುತ್ತಿಗೆಪತ್ರವು ನಿವಾಸಿಗೆ ಕೊಟ್ಟ ಹಕ್ಕನ್ನು ಕಂಪೆನಿಯ ಫಲಕವು ಕಸಿಯಲಾರದೆಂದು 2016ರಲ್ಲಿ ಆಕ್ಸ್‌ಫರ್ಡಿನ ನ್ಯಾಯಾಧೀಶರು ತೀರ್ಪಿತ್ತರು.

ಸೊಸೆಯು ಪತ್ರದ ನಕಲನ್ನಿರಿಸಿ ಆಕ್ಷೇಪಣೆಯನ್ನು ಬರೆದಳು. ತಿಂಗಳೊಳಗೆ ಬೇಡಿಕೆ ರದ್ದಾಯಿತು.

ಮಗನು ನಕ್ಕನು, ನನಗೆ ನಗೆ ಬರಲಿಲ್ಲ. ಉಪಾಧ್ಯಾಯನಾಗಿ ಎಷ್ಟೋ ಹುಡುಗರಿಗೆ, ಅವರ ಮಾತನ್ನು ಕೇಳದೆಯೇ, ನಾನು ಜುಲ್ಮಾನೆ ಹಾಕಿದ್ದೆನು. ಎಲ್ಲರೂ ತಲೆತಗ್ಗಿಸಿ ತೆತ್ತರು. ತೆತ್ತವರೆಲ್ಲರೂ ತಪ್ಪಿತಸ್ಥರೆಂದೇ ಇಷ್ಟು ಕಾಲವೂ ನಂಬಿದ್ದೆನು.